ಹೊಸ್ತಿಲಿಗೆ ವಾಪಸ್ ಬಂದ ಅಂಗಿ

ನಮ್ಮೂರಿನಲ್ಲಿ ಹತ್ತನೇ ತಿಂಗಳ ಮೊದಲ ಸಂಜೆ ಸತ್ತವರಿಗೆಂದು ಸುಟ್ಟ ಕಾಗದದ ಅಂಗಿ ಮಾರನೆಯ ಬೆಳಗ್ಗೆ ಹೊಸ್ತಿಲ ಮೇಲೆ ಮಡಚಿಕೊಂಡು ಬಿದ್ದಿದ್ದರೆ ತಪ್ಪು ದರ್ಜಿಯದು. ಸತ್ತವರದು ಯಾವತ್ತೂ ತಪ್ಪಿರುವುದಿಲ್ಲ. ಮನೆಯವರು ಇಬ್ಬನಿ ಒರೆಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ತರುತ್ತಾರೆ. ನಾನು ಬೆಳಕಿಗೆ ಹಿಡಿದು ನೋಡುತ್ತೇನೆ. ಕಂಕುಳಿನ ಅಂಟು ಬಿಟ್ಟಿದ್ದರೆ ಬಿಗಿಯಾಗಿದೆ ಎಂದರ್ಥ. ತೋಳಿನ ತುದಿ ಮಣ್ಣಾಗಿದ್ದರೆ ಉದ್ದವಾಗಿದೆ. ಗುಂಡಿಯನ್ನೇ ಬಿಚ್ಚದೆ ಕಳಿಸಿದ್ದರೆ ಬಣ್ಣ ಹಿಡಿಸಿಲ್ಲ. ಅಂಥವರು ಬದುಕಿದ್ದಾಗಲೂ ಹಾಗೇ ಇದ್ದವರು, ಮನೆಯವರಿಗೆ ಆಶ್ಚರ್ಯವೇನೂ ಆಗುವುದಿಲ್ಲ. ಸರಿ ಮಾಡಿ ಕೊಡುತ್ತೇನೆ, ಸಂಜೆ ಮತ್ತೆ ಸುಡುತ್ತಾರೆ. ಇದಕ್ಕೆ ಮೂರು ಸಂಜೆಗಳ ಅವಕಾಶ. ಮೂರನೆಯ ಸಂಜೆಯೂ ಒಪ್ಪಿಗೆಯಾಗದಿದ್ದರೆ ಆ ಜೀವ ಆ ಚಳಿಗಾಲವನ್ನು ಅಂಗಿಯಿಲ್ಲದೆ ಕಳೆಯಬೇಕು. ನಾನು ಈ ಕೆಲಸ ಹಿಡಿದು ಹದಿನಾಲ್ಕು ವರ್ಷವಾಯಿತು. ನನ್ನ ಕೈಯಿಂದ ಹಾಗೆ ಚಳಿಗೆ ಬಿದ್ದವರು ಇಬ್ಬರೇ. ಇಬ್ಬರ ಹೆಸರೂ ನನಗೆ ನೆನಪಿದೆ.

ಅಂಗಿ ಎಂದರೆ ಎರಡು ಪದರ ತೊಗಟೆ ಕಾಗದ, ನಡುವೆ ತೆಳ್ಳಗೆ ಹಾಸಿದ ಹತ್ತಿ. ಸೂಜಿ ಮುಟ್ಟಿಸುವಂತಿಲ್ಲ, ಎಲ್ಲವೂ ಅಕ್ಕಿ ಅಂಟಿನಲ್ಲೇ. ಅಳತೆ ತೆಗೆಯುವುದು ಒಂದೇ ಸಲ, ಜೀವ ಹೋದ ದಿನ, ಮೀಯಿಸುವ ಮೊದಲು. ಉದ್ದನೆಯ ಕಾಗದದ ಪಟ್ಟಿಯಲ್ಲಿ ಭುಜಕ್ಕೊಂದು ಕಚ್ಚು, ತೋಳಿಗೊಂದು, ಎದೆಗೆ, ಸೊಂಟಕ್ಕೆ, ಕೊನೆಗೆ ಉದ್ದಕ್ಕೆ. ಉದ್ದದ ಕಚ್ಚು ಬಿದ್ದಲ್ಲಿಗೆ ಪಟ್ಟಿಯನ್ನು ಚಾಕುವಿನಿಂದ ಕತ್ತರಿಸಿ, ಹೆಸರು ಬರೆದು, ಕಾಗದದ ಕಾರ್ಖಾನೆಯ ಗೋಡೆಗೆ ನೇತುಹಾಕುತ್ತೇವೆ. ಆಮೇಲೆ ಎಷ್ಟು ವರ್ಷವಾದರೂ ಅದೇ ಪಟ್ಟಿ. ಬದುಕಿರುವ ಮಕ್ಕಳಿಗೆ ಬಟ್ಟೆ ಹೊಲಿಯುವವರು ಒಳಗೆ ನಾಲ್ಕು ಬೆರಳು ಮಡಿಕೆ ಬಿಡುತ್ತಾರೆ, ಬೆಳೆದಾಗ ಬಿಚ್ಚಿಕೊಳ್ಳಲಿ ಎಂದು. ನಾವು ಬಿಡುವುದಿಲ್ಲ. ಸತ್ತವರು ಬೆಳೆಯುವುದಿಲ್ಲ. ನಮ್ಮ ಕಸುಬಿನ ಮೊದಲ ಪಾಠ ಅದು.

ನನ್ನ ಹೆಂಡತಿ ಯುಲಾನಳ ಅಳತೆಯನ್ನೂ ನಾನೇ ತೆಗೆದೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ, ಏಳು ತಿಂಗಳ ಬಸುರಿಯಾಗಿದ್ದಾಗ, ಜ್ವರ ಬಂದು ಐದನೆಯ ದಿನಕ್ಕೆ ಹೋಗಿಬಿಟ್ಟಳು. ಊರಿನಲ್ಲಿ ಬೇರೆ ದರ್ಜಿ ಇರಲಿಲ್ಲ. ಸೊಂಟದ ಕಚ್ಚು ನಾಲ್ಕು ಗೇಣು ನಾಲ್ಕು ಬೆರಳಿಗೆ ಬಿತ್ತು. ನಾನು ಕಸುಬಿನವನು, ಇದ್ದದ್ದನ್ನು ಇದ್ದ ಹಾಗೆ ಗುರುತು ಹಾಕಿದೆ. ಪಟ್ಟಿ ಕತ್ತರಿಸುವಾಗ ಕೈ ನಡುಗಿತಾ ಎಂದು ಕೇಳಿದವರಿದ್ದಾರೆ. ನಡುಗಲಿಲ್ಲ. ಮಗಳು ಸಂಪಿಗೆಗೆ ಆಗ ಐದು ವರ್ಷ. ಹಸಿದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಬೇಗ ಮುಗಿಸಿ ಅವಳಿಗೆ ಗಂಜಿ ಕೊಡಬೇಕಾಗಿತ್ತು. ಅದಾದ ಮೇಲೆ ಮೂರು ಚಳಿಗಾಲ ಯುಲಾನಳ ಅಂಗಿ ಒಂದೇ ಸಲಕ್ಕೆ ಒಪ್ಪಿಗೆಯಾಯಿತು. ನಾಲ್ಕನೆಯದರ ಕಥೆಯೇ ಇದು. ಏನಾಯಿತು ಎಂದು ಹೇಳಬಲ್ಲೆ. ಅದರ ಅರ್ಥ ಮಾತ್ರ ನನಗಿನ್ನೂ ಪೂರ್ತಿ ಆಗಿಲ್ಲ.

ಕಾರ್ಖಾನೆ ಹುಯಿನಜ್ಜಿಯದು. ಯುಲಾನ್ ಅವಳ ತಮ್ಮನ ಮೊಮ್ಮಗಳು. ಕಾಗದ ಮಾಡುವ ಅವರ ಪೂರ್ವಿಕರು ಚೀನಾದಿಂದ ಕಡಲು ದಾಟಿ, ತೊಗಟೆ ಬೇಯಿಸುವ ಹಂಡೆಗಳನ್ನು ಹೊತ್ತುಕೊಂಡು ಇಲ್ಲಿಗೆ ಬಂದರಂತೆ. ಅವರ ಜೊತೆ ಬಂದ ಹಬ್ಬ ಈಗ ಊರಿಗೆಲ್ಲ ಹಬ್ಬ: ಚಳಿಯಂಗಿ ಹಬ್ಬ. ಇದು ಹೇಗೆ ಶುರುವಾಯಿತು ಎನ್ನುವುದಕ್ಕೆ ಆ ಮನೆತನದಲ್ಲೇ ಎರಡು ಕಥೆಗಳಿವೆ. ಯುಲಾನ್ ಹೇಳುತ್ತಿದ್ದುದು ಒಂದು. ಅರಸನ ಆಳುಗಳು ಒಬ್ಬಳ ಗಂಡನನ್ನು ದೊಡ್ಡ ಗೋಡೆ ಕಟ್ಟುವುದಕ್ಕೆಂದು ಎಳೆದುಕೊಂಡು ಹೋದರು. ಚಳಿ ಬಂತು, ಅವನು ಬರಲಿಲ್ಲ. ಅವಳು ಹತ್ತಿಯ ಅಂಗಿ ಹೊಲಿದು ಕಂಕುಳಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ನಡೆದಳು. ಅಲ್ಲಿ ಹೋಗಿ ನೋಡಿದರೆ ಅವನು ಸತ್ತು ಗೋಡೆಯೊಳಗೇ ಸೇರಿಹೋಗಿದ್ದ. ಅವಳು ಅತ್ತ ಅಳುವಿಗೆ ಗೋಡೆ ಬಿರಿಯಿತು. ಕೈಯಲ್ಲಿದ್ದ ಅಂಗಿಯನ್ನು ಏನು ಮಾಡುವುದು? ಸುಟ್ಟಳು.

ಹುಯಿನಜ್ಜಿ ಈ ಕಥೆ ಕೇಳಿದರೆ ಮೂಗು ಮುರಿಯುತ್ತಾಳೆ. ಅವಳದು ಬೇರೆ. "ನಮ್ಮ ಮೂಲಪುರುಷ ಮಾಡಿದ ಕಾಗದ ಒರಟು ಕಣಯ್ಯಾ. ಬರೆಯೋಕೆ ಹೋದ್ರೆ ಶಾಯಿ ಹರ್ಡೋದು, ಕಟ್ಟೋಕೆ ಹೋದ್ರೆ ಹರಿಯೋದು. ಒಂದು ಹಾಳೆ ಬಿಕರಿ ಆಗ್ಲಿಲ್ಲ. ಅವ್ನ ಹೆಂಡ್ತಿ ಘಾಟಿ. ಸತ್ತೋಳ ಹಾಗೆ ಪೆಟ್ಟಿಗೇಲಿ ಮಲಕ್ಕೊಂಡ್ಲು. ಇವ್ನು ಬೋರಾಡಿ ಅತ್ಕೊಂಡು, ಪೆಟ್ಟಿಗೆ ಮುಂದೆ ಕಾಗದ ಸುಟ್ಟ, ಸುಟ್ಟ, ಸುಡ್ತಾನೇ ಹೋದ. ಊರೆಲ್ಲ ನೋಡ್ತಿದೆ. ಅವ್ಳು ದಡಕ್ಕಂತ ಎದ್ದು ಕೂತು, 'ಸುಟ್ಟ ಕಾಗದ ಅಲ್ಲಿ ನಂಗೆ ದುಡ್ಡಾಗಿ ಬಂತು, ಬಟ್ಟೆಯಾಗಿ ಬಂತು, ಯಮನ ಆಳುಗಳಿಗೆ ಕೊಟ್ಟು ವಾಪಸ್ ಬಂದೆ' ಅಂದ್ಲು. ಮಾರ್ನೇ ದಿನಕ್ಕೆ ಒಂದು ಹಾಳೆ ಉಳೀಲಿಲ್ಲ ಅಂಗಡೀಲಿ!" ಹಲ್ಲಿಲ್ಲದ ಬಾಯಿ ತೆರೆದು ಅವಳು ನಗುತ್ತಾಳೆ. ಹಾಗಾದರೆ ಎಲ್ಲ ಸುಳ್ಳಾ ಅಜ್ಜಿ ಎಂದು ಸಂಪಿ ವರ್ಷವೂ ಕೇಳುತ್ತಾಳೆ. ಅಜ್ಜಿ ವರ್ಷವೂ ಅದೇ ಉತ್ತರ ಕೊಡುತ್ತಾಳೆ: "ಶುರುವಾಗಿದ್ದು ಸುಳ್ಳಿಂದ. ನಿಜ ಯಾವಾಗ ಆಯ್ತೋ ನಮ್ಮೋರು ಯಾರೂ ನೋಡ್ಕೊಳ್ಲಿಲ್ಲ, ವ್ಯಾಪಾರದಲ್ಲಿದ್ರು."

ಈ ಸಲದ ಹಬ್ಬದ ಹೊತ್ತಿಗೆ ನನಗೆ ನಲವತ್ತು ದಿನದ ನಿದ್ದೆ ಬಾಕಿ ಇತ್ತು. ಮುನ್ನೂರು ಚಿಲ್ಲರೆ ಅಂಗಿ. ಅದರ ನಡುವೆ ಬೆಳಗ್ಗೆ ಎದ್ದು ಅನ್ನ ಮಾಡು, ಸಂಪಿಯ ಜಡೆ ಹಾಕು, ಶಾಲೆಗೆ ಕಳಿಸು, ಅವಳು ಮಧ್ಯಾಹ್ನ ಬರುವ ಹೊತ್ತಿಗೆ ಓಡಿಬಂದು ಊಟಕ್ಕಿಡು. ಬೆರಳಿನ ಅಂಟು ಹೋಗದೆ ಅವಳ ಜಡೆಯಲ್ಲೂ ಅಂಟು. "ಅಪ್ಪ, ನಾನು ಸತ್ತಿಲ್ಲ, ನಂಗ್ಯಾಕೆ ಅಂಟು ಹಚ್ತೀಯ," ಎನ್ನುತ್ತಿದ್ದಳು. ಯುಲಾನಳ ಅಂಗಿಯನ್ನು ಕೊನೆಗೆ ಮಾಡಿದೆ. ನೀಲಿ ಕಾಗದ, ಅವಳಿಗೆ ಇಷ್ಟದ್ದು. ಗೋಡೆಯ ಪಟ್ಟಿ ತೆಗೆದು ಕಚ್ಚುಗಳನ್ನು ಎರಡು ಸಲ ನೋಡಿಕೊಂಡೇ ಕತ್ತರಿಸಿದೆ.

ಮೊದಲ ಸಂಜೆ ಎಲ್ಲರ ಜೊತೆ ನಾಲ್ಕು ದಾರಿ ಕೂಡುವಲ್ಲಿಗೆ ಹೋದೆವು. ನೆಲದ ಮೇಲೆ ಅಕ್ಕಿಹಿಟ್ಟಿನಲ್ಲಿ ಒಂದೊಂದು ಮನೆಗೆ ಒಂದೊಂದು ಸುತ್ತು ಬರೆಯುತ್ತಾರೆ, ಸಮಾಧಿ ಗುಡ್ಡದ ಕಡೆಗೆ ಸಣ್ಣ ಬಾಗಿಲು ಬಿಟ್ಟು. ಸುತ್ತಿನೊಳಗೆ ಹೆಸರು ಬರೆಯಬೇಕು. ಹೆಸರಿಲ್ಲದೆ ಹೊತ್ತಿಸಿದ್ದು ಯಾರಿಗೂ ಸೇರುವುದಿಲ್ಲ. ಸುತ್ತಿನ ಹೊರಗೆ ಪ್ರತಿಯೊಬ್ಬರೂ ಒಂದು ಹಿಡಿ ಚೂರುಪಾರು ಹಾಕುತ್ತಾರೆ, ಮಿಕ್ಕ ತೋಳು, ಹರಿದ ಕೊರಳಪಟ್ಟಿ, ಅಂಥದ್ದು. ಅದು ಯಾರೂ ಇಲ್ಲದವರಿಗೆ. ಊರಿನ ಚೂರೆಲ್ಲ ಸೇರಿ ದಾರಿ ಮಧ್ಯೆ ಒಂದು ರಾಶಿಯಾಗುತ್ತದೆ. ಹಿಟ್ಟಿನಲ್ಲಿ ಯುಲಾನ್ ಎಂದು ಸಂಪಿಯೇ ಬರೆದಳು. ಅಂಗಿ ಚೆನ್ನಾಗಿ ಉರಿಯಿತು. ಮನೆಗೆ ಬಂದು, ಈ ವರ್ಷಕ್ಕೆ ಮುಗಿಯಿತು ಅಂದುಕೊಂಡೆ.

ಎರಡನೆಯ ದಿನ ಬೆಳಗ್ಗೆ ಬಾಗಿಲು ತೆಗೆದರೆ ನೀಲಿ ಅಂಗಿ ಹೊಸ್ತಿಲ ಮೇಲಿತ್ತು.

ನನಗೆ ಮೊದಲು ಅನ್ನಿಸಿದ್ದು, ಇದು ಬೇರೆ ಯಾರದೋ, ತಪ್ಪಿ ಇಲ್ಲಿ ಬಂದಿದೆ ಎಂದು. ಆದರೆ ನನ್ನ ಕೈಕೆಲಸ ನನಗೆ ಗೊತ್ತಾಗದೇ? ಎತ್ತಿಕೊಳ್ಳುವಷ್ಟರಲ್ಲಿ ಎದುರು ಮನೆಯ ಜಂಬಕ್ಕ ಗುಡಿಸುವುದನ್ನು ನಿಲ್ಲಿಸಿ ಪೊರಕೆ ಹಿಡಿದುಕೊಂಡೇ ಬಂದಳು. ಅವಳ ಗಂಡನ ಅಂಗಿ ಹೋದ ವರ್ಷ ಎರಡು ಸಲ ವಾಪಸ್ ಬಂದಿತ್ತು. ಆ ಸಿಟ್ಟನ್ನು ಅವಳು ಜೋಪಾನ ಮಾಡಿಟ್ಟುಕೊಂಡಿದ್ದಳು.

"ಅಯ್ಯಯ್ಯೋ ಗಿರಿಯಣ್ಣ! ದರ್ಜಿ ಮನೆ ಹೊಸ್ತಿಲ್ಗೇ ಬಂತಾ! ನಂಗೆ ಹೇಳಿದ್ದೆಯಲ್ಲ, 'ನಿನ್ ಗಂಡಂಗೇ ಸಮಾಧಾನ ಇಲ್ಲ ಜಂಬಕ್ಕ' ಅಂತ."

"ಸುಮ್ನಿರು ಜಂಬಕ್ಕ. ನೋಡ್ಬೇಕು ಏನಾಗಿದೆ ಅಂತ."

"ನೋಡೋದೇನು ಬಂತು, ದಪ್ಪ ಆಗಿದಾಳೆ ಅಷ್ಟೆ. ಇಲ್ಲಿ ನಿನ್ ಕೈಯಡುಗೆ ತಿಂದು ಸೊರಗಿದ್ಲು. ಅಲ್ಲಿ ಹೋಗಿ ಮೈ ಕೈ ತುಂಬ್ಕೊಂಡಿದಾಳೆ. ಅಗಲ ಮಾಡು."

ಅಂಗಿಯನ್ನು ಬೆಳಕಿಗೆ ಹಿಡಿದೆ. ಕಂಕುಳು ಗಟ್ಟಿಯಾಗಿತ್ತು. ತೋಳು ಶುಭ್ರವಾಗಿತ್ತು. ಗುಂಡಿಗಳನ್ನು ಬಿಚ್ಚಿ ಹಾಕಿದ ಗುರುತಿತ್ತು, ಅಂದರೆ ತೊಟ್ಟು ನೋಡಿದ್ದಾಳೆ. ಎಡ ಸೊಂಟದ ಹತ್ತಿರ ಮಾತ್ರ ಅಂಟು ಬಿಟ್ಟು ಕೆಳಮುಖವಾಗಿ ಒಂದು ಗೇಣು ಹರಿದಿತ್ತು, ಅಲ್ಲಿನ ಗುಂಡಿ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅಂಥ ಹರಕು ನಾನು ಕಂಡಿರಲಿಲ್ಲ. ಬಿಗಿಯಾದರೆ ಎರಡೂ ಕಡೆ ಬಿಡಬೇಕು. ಸಡಿಲವಾದರೆ ಹರಿಯುವುದೇ ಇಲ್ಲ. ಒಂದೇ ಕಡೆ, ಅದೂ ಕೆಳಗೆ ಜಗ್ಗಿದ ಹಾಗೆ. ತಿರುವಿ ಮುರುವಿ ನೋಡಿದೆ. ಏನೂ ಹೊಳೆಯಲಿಲ್ಲ. ಹತ್ತು ಮನೆಯವರು ತಮ್ಮ ತಮ್ಮ ಅಂಗಿ ಹಿಡಿದುಕೊಂಡು ಕಾಯುತ್ತಿದ್ದರು. ಅವರ ಮುಂದೆ ನನ್ನದನ್ನು ಬಚ್ಚಿಟ್ಟು, ಅವರದನ್ನೆಲ್ಲ ಓದಿ ಹೇಳಿದೆ, ಒಂದೂ ತಪ್ಪಲಿಲ್ಲ. ಆಮೇಲೆ ಬೇರೇನೂ ತೋಚದೆ ಜಂಬಕ್ಕನ ಮಾತಿನಂತೆಯೇ ಸೊಂಟಕ್ಕೆ ನಾಲ್ಕು ಬೆರಳು ಅಗಲ ಕೊಟ್ಟು ಹೊಸ ಅಂಗಿ ಮಾಡಿ ಸಂಜೆ ಸುಟ್ಟೆ.

ಮೂರನೆಯ ಬೆಳಗ್ಗೆ ಅದೂ ವಾಪಸ್. ಅದೇ ಜಾಗ, ಅದೇ ಎಡ ಸೊಂಟ. ಈ ಸಲ ಹರಕು ಒಂದೂವರೆ ಗೇಣು.

ನನ್ನ ತಲೆ ಕೆಟ್ಟುಹೋಯಿತು. ಅಗಲ ಮಾಡಿದರೆ ಹೆಚ್ಚು ಹರಿಯುವುದು ಎಂದರೆ ಏನು? ಹಾಲು ಹಾಕುವವನು, "ಮರುಮದ್ವೆ ಗಿದ್ವೆ ಯೋಚ್ನೆ ಏನಾದ್ರೂ ಮಾಡಿದೀಯ? ಹೆಂಗಸ್ರಿಗೆ ಬೇಗ ಗೊತ್ತಾಗತ್ತೆ ನೋಡು," ಅಂದ. ಜಂಬಕ್ಕ, "ಸಾಲ್ದು, ಇನ್ನೂ ಅಗಲ ಕೊಡು," ಅಂದಳು. ಅವಳ ದನಿಯಲ್ಲಿ ಹಿಂದಿನ ದಿನದ ಖುಷಿ ಇರಲಿಲ್ಲ. ಉಳಿದದ್ದು ಒಂದೇ ಸಂಜೆ. ಅದು ತಪ್ಪಿದರೆ ಯುಲಾನ್ ಈ ಚಳಿಗಾಲ ಬರಿಮೈಯಲ್ಲಿರುತ್ತಾಳೆ. ಅವಳಿಗೆ ಚಳಿ ಎಂದರೆ ಆಗುತ್ತಿರಲಿಲ್ಲ. ಬೇಸಗೆಯಲ್ಲೂ ಕಾಲಿಗೆ ಬಟ್ಟೆ ಸುತ್ತಿಕೊಳ್ಳುವವಳು. ನಾನು ಅವಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕಚ್ಚುಗಳನ್ನೇ ನೋಡುತ್ತಾ ಕುಳಿತೆ. ನೋಡಿದಷ್ಟೂ ಅವು ಬೇರೆ ಯಾರದೋ ಕಚ್ಚುಗಳಂತೆ ಕಾಣತೊಡಗಿದವು.

ಮಧ್ಯಾಹ್ನ ಸಂಪಿ ಶಾಲೆಯಿಂದ ಬಂದಾಗ ಅನ್ನ ತಳ ಹಿಡಿದಿತ್ತು. ಅವಳು ಚೀಲ ಇಳಿಸಿ, ಮಣೆಯ ಮೇಲಿದ್ದ ಹರಿದ ಅಂಗಿಯ ಹತ್ತಿರ ಹೋಗಿ, ಆ ಹರಕಿನೊಳಗೆ ಕೈ ತೂರಿಸಿ, ಸಹಜವಾಗಿ ಅಂದಳು: "ಇದು ನಾನು ಹರಿದಿದ್ದಲ್ವಾ."

ಇಷ್ಟು ದಿನದ ಆಯಾಸವೆಲ್ಲ ಸಿಟ್ಟಾಗಿ ಕೈಗೆ ಬಂದು ಅವಳ ರಟ್ಟೆ ಹಿಡಿದುಬಿಟ್ಟೆ. "ಯಾವಾಗ ಮುಟ್ಟಿದ್ದೆ? ಯಾಕೆ ಮುಟ್ಟಿದ್ದೆ? ನಿನ್ನಿಂದ ನಿಮ್ಮಮ್ಮ..."

"ಇದಲ್ಲ ಅಪ್ಪ! ಬಿಡು, ನೋಯತ್ತೆ! ಆ ಕೋಟು! ಪೆಟ್ಟಿಗೇಲಿರೋ ಕೋಟು!"

ಅವಳು ಅಳುತ್ತಲೇ ಪೆಟ್ಟಿಗೆ ತೆರೆದು, ಯುಲಾನ್ ಬದುಕಿದ್ದಾಗ ತೊಡುತ್ತಿದ್ದ ಹತ್ತಿ ತುಂಬಿದ ನೀಲಿ ಕೋಟನ್ನು ಎಳೆದು ತಂದು ನನ್ನ ಮುಂದೆ ಹಾಕಿದಳು. ಎಡ ಸೊಂಟದ ಹತ್ತಿರ ಹೊಲಿಗೆ ಬಿಟ್ಟದ್ದಕ್ಕೆ ತೇಪೆ. ಗುಂಡಿ ಬೇರೆ ಬಣ್ಣದ್ದು. ತೇಪೆ ಹಾಕಿದ ಕೈ ನನ್ನದೇ. ನಾನೇ ಹಾಕಿ, ನಾನೇ ಮರೆತಿದ್ದೆ.

"ನಾನು ಚಿಕ್ಕೋಳಿದ್ದಾಗ ಕೆಳಗಿಂದ ಕೋಟೊಳಗೆ ಹೋಗ್ತಿದ್ದೆ," ಎಂದಳು, ಮೂಗು ಒರೆಸಿಕೊಳ್ಳುತ್ತಾ. "ಆ ಗುಂಡಿ ಹಿಡ್ಕೊಂಡು ನಿಂತ್ಕೋತಿದ್ದೆ. ಅಮ್ಮ ನಡೆದ್ರೆ ನಾನೂ ಒಳಗೇ ನಡೀತಿದ್ದೆ. ನಾಲ್ಕು ಕಾಲಿನ ಅಮ್ಮ ಅಂತ ಜಂಬತ್ತೆ ನಗ್ತಿದ್ರು. ಆಮೇಲೆ ನಾನು ದೊಡ್ಡೋಳಾದೆ, ಒಂದಿನ ಪರ್ರಂತ ಹರೀತು. ಅಮ್ಮ ಬೈದ್ರು, ಇನ್ನು ಇಬ್ರು ಹಿಡಿಯಲ್ಲ ಇದ್ರಲ್ಲಿ, ನಿಂಗೇ ಬೇರೆ ಹೊಲಿಸ್ಬೇಕು ಅಂತ."

ಅವಳು ಹೇಳಿದ್ದರಲ್ಲಿ ಒಂದೊಂದು ಮಾತೂ ಅರ್ಥವಾಗುತ್ತಿತ್ತು, ಎಲ್ಲ ಸೇರಿ ಮಾತ್ರ ಏನೂ ಆಗುತ್ತಿರಲಿಲ್ಲ. ಅವಳೇ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಹುರುಳಿ ಅಲ್ವಾ ಅಪ್ಪ?"

ಹುರುಳಿ ಎನ್ನುವುದು ಅವಳಿಟ್ಟ ಹೆಸರು. ಬಸುರಿಯೆಂದು ಗೊತ್ತಾದ ಹೊಸತರಲ್ಲಿ ಪಾಪು ಎಷ್ಟು ದೊಡ್ಡದಿದೆ ಎಂದು ಇವಳು ಕೇಳಿದ್ದಕ್ಕೆ ಯುಲಾನ್ ಮೊರದಿಂದ ಒಂದು ಹುರುಳಿಕಾಳು ಎತ್ತಿ ಅಂಗೈ ಮೇಲಿಟ್ಟಿದ್ದಳು. ಏಳು ತಿಂಗಳಾದರೂ ಆ ಹೆಸರು ಬದಲಾಗಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಅದನ್ನು ಆಡಿರಲಿಲ್ಲ. ಮೂರು ವರ್ಷ ಅವಳು ಅದನ್ನು ಎಲ್ಲಿಟ್ಟುಕೊಂಡಿದ್ದಳೋ.

ಊಟ ಬಿಟ್ಟು ಇಬ್ಬರೂ ಕಾರ್ಖಾನೆಗೆ ಹೋದೆವು. ಹುಯಿನಜ್ಜಿ ಬಿಸಿಲಿಗೆ ಕಾಲು ಚಾಚಿಕೊಂಡು ಅಂಟಿನ ಮಡಕೆ ಕೆರೆಯುತ್ತಿದ್ದಳು. ಎರಡು ಅಂಗಿ, ಒಂದು ಕೋಟು ಅವಳ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ಹರಕುಗಳ ಮೇಲೆ ಬೆರಳಾಡಿಸಿದಳು.

"ಹುಟ್ಟದ್ದಕ್ಕೆ ಅಂಗಿ ಇಲ್ಲ ಗಿರಿಯಪ್ಪ. ಪಟ್ಟಿ ಇಲ್ಲ, ಹೆಸರಿಲ್ಲ. ನಮ್ಮಲ್ಲಿ ಯಾವತ್ತೂ ಮಾಡಿಲ್ಲ."

"ಅದ್ಕೇ ಕೇಳ್ತಿರೋದು. ಮೂರು ಚಳಿಗಾಲ ಅದು ಅವಳ ಅಂಗಿ ಒಳಗೇ ಇತ್ತಾ? ನಾನು ಬಸುರಿ ಅಳತೇಲಿ ಅಂಗಿ ಕಳಿಸ್ತಿದ್ದೆ. ಹೊಟ್ಟೆ ಇಲ್ದಿದ್ರೆ ಆ ಸಡಿಲದಲ್ಲಿ ಒಂದು ಮಗು ಹಿಡಿಸತ್ತೆ. ಈಗ ಹಿಡಿಸ್ತಿಲ್ಲ ಅಂದ್ರೆ..."

"ಸತ್ತೋರು ಬೆಳೆಯಲ್ಲ," ಎಂದಳು ಅಜ್ಜಿ.

"ನೀವೇ ಕಲಿಸಿದ್ದು."

"ನಂಗೆ ನಮ್ಮಪ್ಪ ಕಲಿಸಿದ್ದು. ಅವ್ನಿಗೆ ಅವ್ನಪ್ಪ. ಅವ್ರು ಯಾರೂ ನೋಡ್ಕೊಂಡು ಬಂದಿರ್ಲಿಲ್ಲ." ಅವಳು ಮತ್ತೆ ಮಡಕೆ ಕೆರೆಯತೊಡಗಿದಳು.

ಆಗ ಸಂಪಿ ಕೇಳಿದಳು. "ಅಜ್ಜಿ, ದಾರಿ ಮಧ್ಯ ಚೂರು ಸುಡ್ತಾರಲ್ಲ, ಯಾರೂ ಇಲ್ದೋರಿಗೆ. ಅದ್ರಲ್ಲಿ ಹುರುಳಿ ತಗೊಳ್ಳುತ್ತಾ?"

"ತಗೊಳ್ಳಬಹ್ದು ಮರಿ. ಅದು ಯಾರೂ ಇಲ್ದೋರಿಗೆ."

"ಹುರುಳಿಗೆ ನಾವಿದೀವಲ್ಲ."

ಅಜ್ಜಿಯ ಕೈ ನಿಂತಿತು. ನಾನು ಎದ್ದು ಚಾಕು ಮಸೆದೆ.

ಯುಲಾನಳ ಬಸುರಿಗೆ ಮುಂಚಿನ ಸೊಂಟದ ಅಳತೆಯನ್ನು ಆ ಹಳೆಯ ಕೋಟಿನಿಂದ ತೆಗೆದುಕೊಂಡೆ. ಮೂರು ಗೇಣು ಎರಡು ಬೆರಳು, ಅಷ್ಟಕ್ಕೇ ನೀಲಿ ಅಂಗಿ ಕತ್ತರಿಸಿದೆ. ಮಗುವಿನದೇ ಕಷ್ಟವಾಯಿತು. ಇದ್ದಿದ್ದರೆ ಮೂರು ವರ್ಷದ್ದು. ಗಂಡೋ ಹೆಣ್ಣೋ ಗೊತ್ತಿಲ್ಲ. ಆ ವಯಸ್ಸಿನ ಅಂಗಿಗೆ ಅದು ಬೇಕಾಗುವುದಿಲ್ಲ, ಅಷ್ಟು ಪುಣ್ಯ. ದಪ್ಪಗೋ ಸಣ್ಣಗೋ, ಯಾರ ಭುಜ ಬಂದಿದೆಯೋ, ಯಾವುದೂ ತಿಳಿಯದು. ಪೆಟ್ಟಿಗೆಯಲ್ಲಿ ಸಂಪಿಯ ಮೂರು ವರ್ಷದ ಹಳದಿ ಜಾಕೀಟು ಇತ್ತು. ಅದನ್ನೇ ಅಳತೆಗಿಟ್ಟು ಹಳದಿ ಕಾಗದದಲ್ಲಿ ಕತ್ತರಿಸಿದೆ. ಸಂಪಿ ಹತ್ತಿ ಹಾಸಿದಳು. ಎಲ್ಲ ಕಡೆ ಒಂದೇ ಸಮ ಹಾಸು ಎಂದರೆ ಎದೆಯ ಹತ್ತಿರ ಹೆಚ್ಚು ಹಾಕಿದಳು. ನಾನೂ ಬಿಟ್ಟೆ.

ಮೂರನೆಯ ಸಂಜೆ ನಾಲ್ಕು ದಾರಿಯಲ್ಲಿ ಆರೇಳು ಸುತ್ತುಗಳಷ್ಟೇ ಇದ್ದವು, ಸಮಾಧಾನವಾಗದ ಮನೆಗಳದ್ದು. ನಾವು ಎರಡು ಸುತ್ತು ಬರೆದೆವು. ಒಂದರಲ್ಲಿ ಯುಲಾನ್, ಒಂದರಲ್ಲಿ ಹುರುಳಿ. ಎರಡರ ಬಾಗಿಲನ್ನೂ ಗುಡ್ಡದ ಕಡೆಗೆ ಬಿಟ್ಟ ಮೇಲೆ ಸಂಪಿ ಎರಡು ಸುತ್ತುಗಳ ನಡುವೆಯೂ ಹಿಟ್ಟು ಅಳಿಸಿ ಒಂದು ಸಣ್ಣ ಬಾಗಿಲು ಮಾಡಿದಳು. ಜಂಬಕ್ಕ ದೂರದಲ್ಲಿ ನಿಂತು ಹಿಟ್ಟಿನ ಅಕ್ಷರ ಓದಿ, "ಇದ್ಯಾವ್ದು ಧಾನ್ಯಕ್ಕೂ ಅಂಗಿ ಸುಡ್ತಿದೀರ?" ಅಂದವಳು, ನಮ್ಮಿಬ್ಬರ ಮುಖ ನೋಡಿ ಮನೆ ಕಡೆ ತಿರುಗಿದಳು.

ನಾಲ್ಕನೆಯ ಬೆಳಗ್ಗೆ ಬಾಗಿಲು ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಸಂಪಿಯೇ ಅಗುಳಿ ಸರಿಸಿದಳು. ನೀಲಿ ಇರಲಿಲ್ಲ. ಹಳದಿ ಇತ್ತು.

ಹೋಯಿತು, ನಾವು ಅಂದುಕೊಂಡದ್ದೆಲ್ಲ ಸುಳ್ಳು, ಹುಟ್ಟದ್ದಕ್ಕೆ ಅಂಗಿ ಇಲ್ಲ ಎಂದುಕೊಂಡೇ ಅದನ್ನು ಎತ್ತಿಕೊಂಡೆ. ಕೈ ಅಭ್ಯಾಸದಿಂದ ಅದನ್ನು ಬೆಳಕಿಗೆ ಹಿಡಿಯಿತು. ಎರಡೂ ಕಂಕುಳು ಬಿಟ್ಟಿದ್ದವು. ತೋಳಿನ ತುದಿ ಎಳೆದೆಳೆದು ಸವೆದಿತ್ತು, ಅಂಗಿಯ ಅಂಚು ಕೂಡ. ಒಂದು ಗುಂಡಿ ಬಾಯಲ್ಲಿಟ್ಟ ಹಾಗೆ ಒದ್ದೆ. ನಾನು ಹೊಸ್ತಿಲ ಮೇಲೆ ಹಾಗೇ ಕುಳಿತುಬಿಟ್ಟೆ. ಬೇರೆ ಯಾವ ಮನೆಯವರು ತಂದಿದ್ದರೂ ನೋಡಿದ ತಕ್ಷಣ ಹೇಳಿಬಿಡುತ್ತಿದ್ದೆ.

"ಏನಪ್ಪ? ಏನಂತೆ?"

"ಚಿಕ್ಕದಾಯ್ತು. ಭುಜಕ್ಕೆ ಒಂದು ಬೆರಳು, ತೋಳಿಗೆ ಎರಡು. ಉದ್ದಕ್ಕೆ ಮೂರಾದ್ರೂ ಬೇಕು."

ಸಂಪಿ ತನ್ನ ಹಳೆಯ ಜಾಕೀಟು ತಂದು ಅದರ ಮೇಲಿಟ್ಟು ನೋಡಿದಳು. ಅವಳ ಹುಬ್ಬು ಗಂಟಾಯಿತು. "ಅಂದ್ರೆ ನನ್ಗಿಂತ ಎತ್ತರನಾ?"

"ಆ ವಯಸ್ಸಲ್ಲಿ ನಿನಗಿಂತ ಎತ್ತರ."

"ಇರ್ಲಿ ಬಿಡು," ಎಂದಳು, ಬಹಳ ಉದಾರವಾಗಿ.

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಆದರೆ ಮರುಕ್ಷಣವೇ ಲೆಕ್ಕ ನೆನಪಾಯಿತು. ಮೂರು ಸಂಜೆ ಮುಗಿದಿತ್ತು. ಯುಲಾನಳ ಅಂಗಿಯನ್ನು ನಾನು ಅವಳೊಬ್ಬಳ ಮೈಗೆ ಇಳಿಸಿಬಿಟ್ಟಿದ್ದೆ. ಇನ್ನು ಆ ಮಗು ಅದರೊಳಗೆ ನುಗ್ಗಿದರೂ ಹಿಡಿಸುವುದಿಲ್ಲ. ಇಷ್ಟು ದಿನ ಬೆಚ್ಚಗಿದ್ದುದನ್ನು ನಾನೇ ಹೊರಗೆ ನಿಲ್ಲಿಸಿದ ಹಾಗಾಯಿತು. ಹಳದಿ ಅಂಗಿ ಹಿಡಿದುಕೊಂಡು ಕಾರ್ಖಾನೆಗೆ ಓಡಿದೆ.

ಹುಯಿನಜ್ಜಿ ಹಬ್ಬದ ನಂತರದ ನಿದ್ದೆಯಲ್ಲಿದ್ದಳು. ಎಬ್ಬಿಸಿ ಅಂಗಿ ತೋರಿಸಿದೆ. ಕಂಕುಳು ನೋಡಿದಳು, ತೋಳು ನೋಡಿದಳು, ಒದ್ದೆ ಗುಂಡಿಯನ್ನು ಬಹಳ ಹೊತ್ತು ನೋಡಿದಳು. "ಯುಲಾನೂ ಹೀಗೇ," ಎಂದಳು. "ಗುಂಡಿ ತಿನ್ನೋಳು."

"ಅಜ್ಜಿ, ಮೂರು ಸಂಜೆ ಆಗೋಯ್ತು."

"ಮೂರು ಅಂತ ಮಾಡ್ದೋರು ಯಾರು ಗೊತ್ತಾ? ನಮ್ಮಜ್ಜನ ಅಪ್ಪ. ನಾಲ್ಕನೇ ದಿನಕ್ಕೆ ಕಾಗದ ಮುಗ್ದಿರೋದು, ನಿದ್ದೆ ಬೇರೆ. ಜನ ಬಾಗ್ಲು ಬಡಿಯೋದು ತಪ್ಲಿ ಅಂತ ಮೂರೇ ಅಂದ್ಬಿಟ್ಟ."

"ಇದು ನಿಜಾನಾ, ಇಲ್ಲ ನನ್ನ ಸಮಾಧಾನಕ್ಕೆ ಹೇಳ್ತಿದೀರಾ?"

"ಶುರುವಾಗಿದ್ದೇ ಹಾಗಲ್ವೇನೋ," ಎಂದು ಅವಳು ಆ ಕಡೆ ತಿರುಗಿ ಮಲಗಿದಳು. ಮಲಗಿದವಳು ಗೋಡೆಗೆ ಮುಖ ಮಾಡಿಕೊಂಡೇ ಹೇಳಿದಳು: "ಮಡಿಕೆ ಬಿಡು."

ಕೈ ಒಪ್ಪಲಿಲ್ಲ. ಮಡಿಕೆ ಬಿಡುವುದಕ್ಕೆ ಹೋದರೆ ಚಾಕು ತಾನಾಗಿ ಅಂಚಿಗೆ ಬರುತ್ತಿತ್ತು, ಎರಡು ಸಲ ಕಾಗದ ಹಾಳಾಯಿತು. ಮೂರನೆಯದರಲ್ಲಿ ತೋಳಿಗೆ ನಾಲ್ಕು ಬೆರಳು, ಅಂಚಿಗೆ ನಾಲ್ಕು ಬೆರಳು ಒಳಗೆ ಮಡಚಿ, ತೆಳುವಾಗಿ ಅಂಟು ಹಚ್ಚಿದೆ, ಎಳೆದರೆ ಬಿಚ್ಚಿಕೊಳ್ಳುವ ಹಾಗೆ.

ನಾಲ್ಕನೆಯ ಸಂಜೆ ನಾಲ್ಕು ದಾರಿ ಖಾಲಿಯಾಗಿತ್ತು. ಗಾಳಿಗೆ ಹಿಂದಿನ ಸುತ್ತುಗಳೆಲ್ಲ ಅಳಿಸಿಹೋಗಿದ್ದವು. ಸಂಪಿ ಹಿಟ್ಟು ಹಾಕುತ್ತಿದ್ದರೆ ಗಾಳಿ ಒಯ್ಯುತ್ತಿತ್ತು, ಬೆಂಕಿ ಹತ್ತಿಸಿದರೆ ಆರುತ್ತಿತ್ತು. ಜಂಬಕ್ಕ ಬಂದಳು. "ನಾಲ್ಕನೇ ಸಂಜೆ ಬೆಂಕಿ ಹಚ್ಚೋರು ಎಲ್ಲಾದ್ರೂ ಉಂಟಾ? ಜನ ನೋಡಿದ್ರೆ ನಗಲ್ವಾ?" ಎನ್ನುತ್ತಲೇ ಹೊದ್ದಿದ್ದ ಶಾಲು ಬಿಚ್ಚಿ, ಎರಡೂ ಕೈ ಅಗಲಿಸಿ ಗಾಳಿಗೆ ಅಡ್ಡ ಹಿಡಿದು ನಿಂತಳು. "ಹಚ್ಚು ಬೇಗ, ನಂಗೂ ಚಳಿ ಆ ಕಡೆಯೋರಿಗೂ ಚಳಿ." ಹುರುಳಿ ಎನ್ನುವ ಅಕ್ಷರಗಳ ಮೇಲೆ ಹಳದಿ ಅಂಗಿ ಒಂದೇ ಉಸಿರಿಗೆ ಉರಿದುಹೋಯಿತು.

ಐದನೆಯ ಬೆಳಗ್ಗೆ ಹೊಸ್ತಿಲ ಮೇಲೆ ಇಬ್ಬನಿ ಬಿಟ್ಟು ಏನೂ ಇರಲಿಲ್ಲ. ನನಗೆ ನಂಬಿಕೆ ಬರಲಿಲ್ಲ. ಚಾಪೆ ಎತ್ತಿ ನೋಡಿದೆ, ಗಿಡದ ಹಿಂದೆ ನೋಡಿದೆ, ಎದುರು ಮನೆ ಹೊಸ್ತಿಲನ್ನೂ ನೋಡಿದೆ. "ತಗೊಂಡಿದೆ ಅಪ್ಪ, ಬಾ, ಜಡೆ ಹಾಕು, ಶಾಲೆಗೆ ಹೊತ್ತಾಯ್ತು," ಎಂದು ಸಂಪಿ ಒಳಗಿನಿಂದ ಕೂಗಿದಳು. ನಾಲ್ಕನೆಯ ಸಂಜೆ ಒಪ್ಪಿಗೆಯಾದದ್ದು ಹೇಗೆ, ಅಲ್ಲಿ ಯಾರು ಬೆಳೆಯುತ್ತಾರೆ ಯಾರು ಬೆಳೆಯುವುದಿಲ್ಲ, ಈಗ ನಾನು ಎಷ್ಟು ಮಕ್ಕಳ ತಂದೆ, ಯಾವುದೂ ನನಗೆ ಗೊತ್ತಿಲ್ಲ. ಅವಳ ಜಡೆ ಹಾಕಿ ಕಳಿಸಿ, ಕಾರ್ಖಾನೆಗೆ ಹೋಗಿ ಹೊಸ ಪಟ್ಟಿಯೊಂದನ್ನು ತೆಗೆದುಕೊಂಡೆ. ಭುಜಕ್ಕೆ, ತೋಳಿಗೆ, ಎದೆಗೆ, ಸೊಂಟಕ್ಕೆ, ಉದ್ದಕ್ಕೆ ಕಚ್ಚು ಹಾಕಿ ಹೆಸರು ಬರೆದೆ. ಚಾಕು ಎತ್ತಿದವನು ಕೆಳಗಿಟ್ಟೆ. ಮಿಕ್ಕ ಪಟ್ಟಿಯನ್ನು ಕತ್ತರಿಸದೆ ಸುರುಳಿ ಸುತ್ತಿ, ಯುಲಾನಳ ಪಟ್ಟಿಯ ಪಕ್ಕಕ್ಕೆ ನೇತುಹಾಕಿದೆ.